ಗಾಳಿ ನೋಡುವ ಕೆಲಸ

ಇಪ್ಪತ್ತಾರು ವರ್ಷ ಕಾರವಾರ ಡಿಪೋದಲ್ಲಿ
ಬಸ್ಸಿನ ಟೈರಿಗೆ ಗಾಳಿ ನೋಡಿದವನು ನಾನು.
ಮೀಟರು ಬೇಕಿರಲಿಲ್ಲ. ರಾಡಿನಿಂದ ಒಂದೇಟು ಹೊಡೆದರೆ
ಸದ್ದೇ ಹೇಳುತ್ತಿತ್ತು: ಸಾಕು, ಸಾಲದು,
ಅಣಶಿ ಘಟ್ಟ ಹತ್ತುವುದಿಲ್ಲ ಇದು.

ಈಗ ಬೆಳಿಗ್ಗೆ ಆರಕ್ಕೆ
ಪ್ರಶೀಲಾಳ ಬೆನ್ನಿಗೆ ಕಿವಿ ಇಡುತ್ತೇನೆ.
ಒಳಗೆ ಸಣ್ಣ ಶಿಳ್ಳೆ,
ಬಾಗಿಲ ಸಂದಿಯಲ್ಲಿ ಗಾಳಿ ಸಿಕ್ಕಿಬಿದ್ದ ಹಾಗೆ.
ಆಮೇಲೆ ಬೆರಳಿಗೆ ಕ್ಲಿಪ್ಪು. ತೊಂಬತ್ತೊಂದು.
ಕ್ಯಾಲೆಂಡರಿನ ಪಕ್ಕ ತೂಗುಹಾಕಿದ ನೋಟುಪುಸ್ತಕದಲ್ಲಿ
ಬರೆಯುತ್ತೇನೆ, ಡಿಪೋದ ಲಾಗ್‌ಶೀಟಿನ ಹಾಗೇ,
ಕೆಳಗೆ ಸಹಿ ಹಾಕಿ.
ಸಹಿ ಯಾಕೆ ಎಂದು ನಗುತ್ತಾಳೆ.
ನಕ್ಕರೆ ಕೆಮ್ಮು. ಕೆಮ್ಮಿದರೆ ಎಂಬತ್ತೇಳು.
ಆದರೂ ಸಹಿ ಬಿಡುವುದಿಲ್ಲ ನಾನು.

ಕೋಡಿಬಾಗದವಳು.
ಇಳಿತದ ಹೊತ್ತು ಕಾಳಿಯಲ್ಲಿ ಎದೆಮಟ್ಟ ನಿಂತು
ಕಾಲ್ಬೆರಳಲ್ಲಿ ಕೆಸರು ತಡಕಿ, ಮುಳುಗಿ,
ಎರಡು ಮುಷ್ಟಿ ಬಳಚು ಹಿಡಿದೇ ಏಳುತ್ತಿದ್ದವಳು.
ಮದುವೆಯ ಹೊಸತರಲ್ಲಿ ದಡದಲ್ಲಿ ನಿಂತು ಎಣಿಸುತ್ತಿದ್ದೆ:
ನಲವತ್ತು, ಐವತ್ತು, ಅರವತ್ತು.
ಉಸಿರು ಕಟ್ಟುತ್ತಿದ್ದುದು ನನಗೆ.
ಎಪ್ಪತ್ತಕ್ಕೆ ತಲೆ ಮೇಲೆ ಬಂದು
ಮೂಗಿನ ನೀರು ಸೀಟಿ, ಕೇಳುತ್ತಿದ್ದಳು,
"ಏನು, ಬಸ್ಸು ತಪ್ಪಿತೇ?"

ರಕ್ತ ಕೆಟ್ಟಿತು.
ಅಸ್ಥಿಮಜ್ಜೆ ಕೊಟ್ಟವನು ತಮ್ಮ ಉಮಾಕಾಂತ.
ತವರಿನ ಎಂಟು ಗುಂಟೆಗಾಗಿ
ಹನ್ನೊಂದು ವರ್ಷ ಮಾತು ಬಿಟ್ಟಿದ್ದವನು
ಮಂಗಳೂರಿಗೆ ಬಂದು ತೋಳು ಚಾಚಿ ಮಲಗಿದ.
ಆಗಲೂ ಮಾತಾಡಲಿಲ್ಲ. ಚೀಲ ತುಂಬಿತು.
ಈಗ ಅವಳ ರಕ್ತದ ಗುಂಪು ಅವನದೇ.
ಹೊಸ ರಕ್ತಕ್ಕೆ ಹಳೆಯ ಮನೆ ಒಗ್ಗಿಲ್ಲ,
ಶ್ವಾಸಕೋಶದ ಸಣ್ಣ ಸಣ್ಣ ಓಣಿಗಳಿಗೆ
ಒಂದೊಂದಾಗಿ ಬೇಲಿ ಹಾಕುತ್ತಿದೆ, ಎಂದರು ಡಾಕ್ಟರು.
ನಾನು ನೆಲ ನೋಡಿದೆ.
"ಗೊತ್ತಿತ್ತು ನನಗೆ" ಎಂದಳು ಇವಳು,
"ಸರ್ವೆ ಮಾಡಿಸದೆ ಬಿಡುವವನಲ್ಲ ಅವ."

ಪಡಸಾಲೆಯಲ್ಲಿ ಮೆಷಿನ್ನು, ಹಗಲೂ ರಾತ್ರಿ ಗುರುಗುಡುತ್ತ.
ಅದರ ಕೊಳವೆ ಐವತ್ತಡಿ.
ಬಚ್ಚಲಿಗೆ ಸಾಲುತ್ತದೆ, ಹಿತ್ತಿಲ ಬಾಗಿಲಿಗೆ ಸಾಲುತ್ತದೆ,
ಗೇಟಿಗೆ ಏಳಡಿ ಕಡಿಮೆ.
ಹೂವಿನ ಕುಂಡಗಳನ್ನು ಪಕ್ಕದ ಮನೆಗೆ ಕೊಟ್ಟೆ,
ಮಣ್ಣಿನ ಬೂಷ್ಟು ಆಗದು.
ಒಗ್ಗರಣೆ ಹಿತ್ತಿಲಲ್ಲಿ,
ಅದೂ ಗಾಳಿ ಸಮುದ್ರದ ಕಡೆ ತಿರುಗಿದ ಮೇಲೆ.
ಬಾಂಗಡೆ ಹುರಿಯುವುದಿಲ್ಲ, ಬೇಯಿಸುತ್ತೇನೆ.
ಬಡಿಸುವಾಗಲೇ ನನಗೆ ನಾಚಿಕೆ.
ಸ್ಟೀರಾಯ್ಡಿನಿಂದ ಊದಿದ ಮುಖವನ್ನು
ತಟ್ಟೆಯ ಸ್ಟೀಲಿನಲ್ಲಿ ನೋಡಿಕೊಂಡು ಹೇಳುತ್ತಾಳೆ,
"ನೋಡಿ, ಅಂತೂ ಸಾಹುಕಾರರ ಮನೆಯವಳಾದೆ."

ಒಂದು ರಾತ್ರಿ ಕೊಳವೆಗೆ ಕಾಲು ಸಿಕ್ಕಿ ಬಿದ್ದೆ.
ಬಾಯಿಗೆ ಬಂದದ್ದು ಬೈದೆ.
ಯಾರನ್ನು ಎಂದು ಅವಳು ಕೇಳಲಿಲ್ಲ.
ಬೆಳಗಾದಾಗ ಕೊಳವೆಯನ್ನೆಲ್ಲ
ಬಲೆ ಸುತ್ತುವ ಹಾಗೆ ಸುತ್ತಿ
ಮಡಿಲಲ್ಲಿ ಇಟ್ಟುಕೊಂಡು ಕೂತಿದ್ದಳು.
ಅದಕ್ಕೆ ಇನ್ನೂ ಉತ್ತರ ಕೊಟ್ಟಿಲ್ಲ ನಾನು.

ಮೊನ್ನೆ ಮಧ್ಯಾಹ್ನ ಕರೆಂಟು ಹೋಯಿತು.
ಓಡಿ ಸಿಲಿಂಡರಿನ ಕೀಲಿ ತಿರುಗಿಸಿದೆ,
ಹಿಸ್ಸೆಂದಿತು. ನನ್ನ ಕೈ ನಡುಗಲಿಲ್ಲ;
ಜೀವಮಾನವಿಡೀ ಕೇಳಿದ ಸದ್ದು ಅದು.
ಮೆಷಿನ್ನು ನಿಂತ ಮನೆ ಎಷ್ಟು ದೊಡ್ಡದು!
ಎಷ್ಟೋ ತಿಂಗಳ ಮೇಲೆ ನದಿ ಕೇಳಿಸಿತು.
"ಇಳಿತ" ಎಂದಳು. "ಗೇಟಿನ ತನಕ."

ಸಿಲಿಂಡರು ನನ್ನ ಹೆಗಲಿಗೆ, ಅವಳ ಕೈ ನನ್ನ ಸೊಂಟದ ಪಟ್ಟಿಗೆ.
ಹಿತ್ತಿಲ ಕಲ್ಲಿನ ಮೇಲೆ ಎರಡು ಸಲ ಕೂತೆವು.
ಸೇತುವೆಯ ಕೆಳಗೆ ಹೆಂಗಸರು, ಬುಟ್ಟಿಗಳು ತೇಲುತ್ತ.
ಒಬ್ಬ ಹುಡುಗಿ ಮುಳುಗಿದಳು.
ಪ್ರಶೀಲಾ ಎಣಿಸತೊಡಗಿದಳು,
ನಾಲ್ಕಕ್ಕೊಮ್ಮೆ ನಿಂತು, ಉಸಿರು ತಂದುಕೊಂಡು,
ಬಿಟ್ಟ ಅಂಕಿಗಳನ್ನು ನಾನು ತುಂಬುತ್ತ.
ಮೂವತ್ತೆಂಟಕ್ಕೇ ಎದ್ದಳು ಹುಡುಗಿ.
"ಈಗಿನವರು" ಎಂದಳು ಇವಳು.

ಒಳಗೆ ಮೆಷಿನ್ನು ಕೂಗಿತು, ಕರೆಂಟು ಬಂತೆಂದು.
ಇಬ್ಬರೂ ತಿರುಗಲಿಲ್ಲ.

ಆ ದಿನದ ಪುಟದಲ್ಲಿ ಬರೆದೆ:
ಗೇಟಿನ ಹತ್ತಿರ, ಎಂಬತ್ತೊಂಬತ್ತು.
ಪೆನ್ನು ಕಸಿದುಕೊಂಡು
ಸಹಿ ಅವಳು ಹಾಕಿದಳು.